ಬೀಡು, ಮೊಕ್ಕಾಂ, ಠಿಕಾಣಿ

1921ರ ಜುಲೈ ತಿಂಗಳ ಒಂದು ವಾರಾಂತ್ಯ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಊರಿನಾಚೆ, ಲಿಕಿಂಗ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ ಡೇರೆಗಳು ಎದ್ದಿದ್ದವು. ಹಾಕಿಸಿದವರು ಮೂವರು ಸ್ನೇಹಿತರು: ಕಾರು ಮಾಡುವ ಹೆನ್ರಿ ಫೋರ್ಡ್, ವಿದ್ಯುತ್ ದೀಪದ ಥಾಮಸ್ ಎಡಿಸನ್, ಟೈರು ಮಾಡುವ ಹಾರ್ವೆ ಫೈರ್‌ಸ್ಟೋನ್. ಆ ಶನಿವಾರ ಅವರನ್ನು ಸೇರಿಕೊಂಡ ಅತಿಥಿ ದೇಶದ ಅಧ್ಯಕ್ಷ ವಾರನ್ ಹಾರ್ಡಿಂಗ್. ಅಧ್ಯಕ್ಷರು ಕೊಡಲಿ ಹಿಡಿದು ಕಟ್ಟಿಗೆ ಒಡೆದರು, ಪತ್ರಿಕೆಯವರು ಫೋಟೊ ತೆಗೆದುಕೊಂಡರು. ಜತೆಗೆ ಅಡುಗೆಗೇ ಸಿದ್ಧಪಡಿಸಿದ ಟ್ರಕ್ಕು, ಅಡುಗೆಯವರು, ಡೇರೆಯೊಳಗೆ ಎಡಿಸನ್ ಬ್ಯಾಟರಿಯ ದೀಪ, ನಡುಭಾಗ ತಿರುಗುವ ದೊಡ್ಡ ಗುಂಡು ಊಟದ ಮೇಜು. 1924ರವರೆಗೆ ಸುಮಾರು ಹತ್ತು ವರ್ಷ, ಬಹುತೇಕ ಪ್ರತಿ ಬೇಸಿಗೆಯಲ್ಲಿ ಈ ಬಳಗ ಹೀಗೆ ಕಾರು ಟ್ರಕ್ಕುಗಳ ಸಾಲು ಕಟ್ಟಿಕೊಂಡು ಹೊರಡುತ್ತಿತ್ತು.

ಈ ಸ್ನೇಹಿತರು ತಮ್ಮನ್ನು ‘ವ್ಯಾಗಬಾಂಡ್ಸ್’ ಎಂದು ಕರೆದುಕೊಳ್ಳುತ್ತಿದ್ದರು. ನೆಲೆಯಿಲ್ಲದೆ ಅಲೆಯುವವರು ಎಂದರ್ಥ. ಅವರಿಗೆ ಅದು ತಮಾಷೆಯ ಹೆಸರು. ಆದರೆ ಅದೇ ದೇಶದ ಹೆಚ್ಚುಕಡಿಮೆ ಪ್ರತಿ ರಾಜ್ಯದಲ್ಲೂ ಆಗ ‘ವ್ಯಾಗ್ರನ್ಸಿ’ ಕಾನೂನು ಜಾರಿಯಲ್ಲಿತ್ತು. ಮನೆಯಿಲ್ಲದೆ, ಕೆಲಸವಿಲ್ಲದೆ, ಕಿಸೆಯಲ್ಲಿ ಕಾಸಿಲ್ಲದೆ ಅಲೆಯುವವನನ್ನು ಬೇರೆ ಯಾವ ತಪ್ಪು ಮಾಡದಿದ್ದರೂ ಪೊಲೀಸರು ಹಿಡಿದು ಒಳಗೆ ಹಾಕಬಹುದಿತ್ತು. ಅಂಥ ಕಾನೂನುಗಳಿಗೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 1972ರಲ್ಲಿ. ಒಂದೇ ಪದ, ಒಬ್ಬನಿಗೆ ರಜೆಯ ಮೋಜು, ಇನ್ನೊಬ್ಬನಿಗೆ ಜೈಲು.

ಇದನ್ನು ನಾನು ಹುಡುಕಿ ಓದಲು ತೊಡಗಿದ್ದು ಒಂದು ಫಾರ್ಮಿನಿಂದಾಗಿ. ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ಡೆಟ್ರಾಯಿಟ್ ಹತ್ತಿರ ಎಂಟು ತಿಂಗಳಿದ್ದೆ. ಒಂದು ಶುಕ್ರವಾರ ಸಂಜೆ ಗೆಳೆಯರೆಲ್ಲ ಸೇರಿ ಎರಡು ಟ್ರಾವೆಲ್ ಟ್ರೇಲರ್ ಬಾಡಿಗೆಗೆ ಹಿಡಿದು ಹ್ಯೂರಾನ್ ಸರೋವರದ ದಂಡೆಯ ಸ್ಟೇಟ್ ಪಾರ್ಕಿಗೆ ಹೋದೆವು. ಟ್ರಾವೆಲ್ ಟ್ರೇಲರ್ ಎಂದರೆ ಕಾರಿನ ಅಥವಾ ಪಿಕಪ್ ಗಾಡಿಯ ಹಿಂದೆ ಕೊಂಡಿ ಹಾಕಿ ಎಳೆಯುವ ಪುಟ್ಟ ಮನೆ: ಮಂಚ, ಒಲೆ, ಫ್ರಿಜ್ಜು, ಸಂಡಾಸು ಎಲ್ಲ ಒಳಗೇ. ಹಿಂದಕ್ಕೆ ತೆಗೆಯುವಾಗ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ನಿಲ್ಲಿಸುವುದರೊಳಗೆ ನಮ್ಮ ನೆಲ್ಲೂರಿನ ಗೆಳೆಯ ಬೆವತುಹೋದ. ಗಾಲಿಗೆ ಅಡ್ಡ ಕೊಟ್ಟು, ಮಟ್ಟ ನೋಡಿ, ಕರೆಂಟು ನೀರು ಜೋಡಿಸಿ, ಗ್ಯಾಸಿನ ಮೇಲೆ ಚಿತ್ರಾನ್ನ ಕಲೆಸಿ ಉಂಡೆವು. ಬಾಗಿಲಲ್ಲಿ ತುಂಬಿಸಿದ ಫಾರ್ಮಿನಲ್ಲಿ ಹೆಸರು, ಗಾಡಿ ನಂಬರಿನ ಜತೆ ಮನೆಯ ವಿಳಾಸ ಎಂಬ ಕಾಲಂ ಇತ್ತು. ನನಗೆ ಮೂರಿದ್ದವು: ಕಂಪನಿ ಕೊಟ್ಟ ಅಪಾರ್ಟ್‌ಮೆಂಟಿನದು, ಪುಣೆಯ ಬಾಡಿಗೆ ಫ್ಲ್ಯಾಟಿನದು, ಹುಬ್ಬಳ್ಳಿಯ ಅಪ್ಪನ ಮನೆಯದು. ಹುಬ್ಬಳ್ಳಿಯದನ್ನೇ ಬರೆದೆ. ಪಕ್ಕದ ಬೋರ್ಡಿನ ಮೇಲೆ ನಿಯಮಗಳಿದ್ದವು. ಅವುಗಳಲ್ಲೊಂದು, ಸುಮಾರು ಎರಡು ವಾರಕ್ಕಿಂತ ಹೆಚ್ಚು ಒಂದೇ ಕಡೆ ಉಳಿಯುವಂತಿಲ್ಲ ಎಂಬುದು. ಅಮೆರಿಕದ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಇದು ಸಾಮಾನ್ಯ ನಿಯಮ. ಮನೆಯಿದ್ದವನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಟ್ರೇಲರೇ ಮನೆಯಾದವನಿಗೆ ಅದು ಹದಿನೈದು ದಿನಕ್ಕೊಮ್ಮೆ ಗಂಟುಮೂಟೆ ಕಟ್ಟಿಸುವ ಆಜ್ಞೆ.

ಗಾಲಿ ಮೇಲಿನ ಮನೆಯ ಚರಿತ್ರೆಯನ್ನು ಓದುತ್ತ ಹೋದಂತೆ ಕಂಡದ್ದು ಇದೇ: ಮನೆ ಒಂದೇ, ಗಾಲಿ ಒಂದೇ, ಆದರೆ ಹಿಂದೆ ಬಿಟ್ಟುಬಂದ ವಿಳಾಸ ಇದೆಯೋ ಇಲ್ಲವೋ ಎಂಬುದರ ಮೇಲೆ ಊರಿನ ಸ್ವಾಗತ ಬದಲಾಗುತ್ತದೆ.

ಮೋಜಿಗಾಗಿ ಗಾಲಿ ಮನೆ ಕಟ್ಟಿಸಿದ ಮೊದಲಿಗರಲ್ಲಿ ಹೆಸರಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸದ ಕಥೆ ಬರೆಯುತ್ತಿದ್ದವನು. 1885ರಲ್ಲಿ ಬ್ರಿಸ್ಟಲಿನ ರೈಲು ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮಹಾಗನಿ ಮರದ ಒಂದು ಗಾಡಿ ಮಾಡಿಸಿ ‘ವಾಂಡರರ್’ ಎಂದು ಹೆಸರಿಟ್ಟ. ಎರಡು ಕುದುರೆ ಎಳೆಯುವ ಎರಡು ಟನ್ನಿನ ಗಾಡಿ. ಸಾರಥಿ ಒಬ್ಬ, ಆಳು ಒಬ್ಬ, ನಾಯಿ ಒಂದು, ಕಾಕಟೂ ಗಿಳಿ ಒಂದು. ಆಳು ಮೂರು ಗಾಲಿಯ ಸೈಕಲ್ ತುಳಿಯುತ್ತ ಮುಂದೆ ಹೋಗಿ ಎದುರು ಬರುವ ಗಾಡಿಗಳಿಗೆ ಸೂಚನೆ ಕೊಡುತ್ತಿದ್ದ. ಹೀಗೆ ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋಗಿಬಂದು ಪುಸ್ತಕ ಬರೆದ. ಓದಿದವರಿಗೆ ಹುಚ್ಚು ಹತ್ತಿತು. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ ಶುರುವಾಯಿತು.

ಸ್ಟೇಬಲ್ಸ್ ತನ್ನನ್ನು ‘ಸಭ್ಯ ಜಿಪ್ಸಿ’ ಎಂದು ಕರೆದುಕೊಂಡ. ಏಕೆಂದರೆ ಗಾಲಿ ಮನೆಯ ಕಲ್ಪನೆ ಅವನದಲ್ಲ. ಅದು ರಸ್ತೆಯ ಮೇಲೇ ಬದುಕುತ್ತಿದ್ದ ರೋಮಾ ಜನರ ‘ವಾರ್ಡೊ’ ಎಂಬ ಬಣ್ಣಬಣ್ಣದ ಕುದುರೆಗಾಡಿ ಮನೆಯಿಂದ ಬಂದದ್ದು. ಅದೇ 1880ರ ದಶಕದಲ್ಲಿ ಜಾರ್ಜ್ ಸ್ಮಿತ್ ಎಂಬ ಸುಧಾರಕ ಬ್ರಿಟಿಷ್ ಸಂಸತ್ತಿನಲ್ಲಿ ‘ಚಲಿಸುವ ವಸತಿ’ಗಳ ಮಸೂದೆ ತರಿಸಲು ಓಡಾಡುತ್ತಿದ್ದ. ಗಾಡಿಯಲ್ಲಿ ವಾಸಿಸುವ ಪ್ರತಿ ಕುಟುಂಬ ನೋಂದಣಿ ಮಾಡಿಸಬೇಕು, ಅಧಿಕಾರಿಗಳು ಬಂದು ತಪಾಸಣೆ ಮಾಡಬೇಕು ಎಂಬುದು ಅದರ ಸಾರ. ಜಾತ್ರೆಗಳಲ್ಲಿ ಆಟ ತೋರಿಸುತ್ತ ಗಾಡಿಯಲ್ಲೇ ಬದುಕುತ್ತಿದ್ದವರು 1889ರಲ್ಲಿ ಸಂಘ ಕಟ್ಟಿಕೊಂಡು ವಿರೋಧಿಸಿದರು, ಮಸೂದೆ ಬಿದ್ದುಹೋಯಿತು. ಅಂದರೆ ಒಂದೇ ರಸ್ತೆಯಲ್ಲಿ, ಒಂದೇ ದಶಕದಲ್ಲಿ, ಮಹಾಗನಿ ಗಾಡಿಯ ಡಾಕ್ಟರನನ್ನು ನೋಡಲು ಜನ ಸೇರುತ್ತಿದ್ದರು. ಅದೇ ಬಗೆಯ ಗಾಡಿಯ ರೋಮಾ ಕುಟುಂಬವನ್ನು ಊರಾಚೆ ಸಾಗಹಾಕುತ್ತಿದ್ದರು.

ಈ ರೋಮಾ ಜನ ನಮಗೆ ದೂರದವರೇನಲ್ಲ. ಅವರ ಭಾಷೆ ಭಾರತದ ಉತ್ತರ ಭಾಗದಿಂದ ಹೊರಟದ್ದು ಎಂದು ಭಾಷಾಶಾಸ್ತ್ರಜ್ಞರು ಹದಿನೆಂಟನೆಯ ಶತಮಾನದ ಕೊನೆಗೇ ತೋರಿಸಿದ್ದರು. ಯೇಕ್, ದುಯಿ, ತ್ರಿನ್, ಶ್ತಾರ್, ಪಾಂಜ್ ಎಂದು ಅವರು ಎಣಿಸುತ್ತಾರೆ. ನೀರಿಗೆ ಪಾನಿ, ಮೂಗಿಗೆ ನಾಕ್, ಕಿವಿಗೆ ಕಾನ್. ಪುಣೆಯಲ್ಲೋ ದೆಹಲಿಯಲ್ಲೋ ಇರುವ ಕನ್ನಡಿಗನಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಅವರು ಬಿಟ್ಟುಹೋದ ಈ ನೆಲದಲ್ಲಿ ಆಗ ಏನಾಗುತ್ತಿತ್ತು? 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. 1911ರ ತಿದ್ದುಪಡಿಯಿಂದ ಅದು ಮದರಾಸು ಪ್ರಾಂತ್ಯಕ್ಕೂ ಬಂತು. ಇಂಥಿಂಥ ಸಮುದಾಯ ಹುಟ್ಟಿನಿಂದಲೇ ಅಪರಾಧಿ ಎಂದು ಸರ್ಕಾರ ಸಾರಬಹುದಿತ್ತು. ಸಾರಿದ ಮೇಲೆ ಹೆಸರು ನೋಂದಾಯಿಸಬೇಕು, ಪೊಲೀಸರಿಗೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪಾಸು ಪಡೆಯಬೇಕು. ಹೀಗೆ ಪಟ್ಟಿಗೆ ಸೇರಿದವರಲ್ಲಿ ಅನೇಕರು ತಿರುಗಾಟವೇ ಕಸುಬಾದವರು. ಮದರಾಸು ಪ್ರಾಂತ್ಯದ ಕೊರವರು ಕತ್ತೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮಾರುತ್ತಿದ್ದರು. ರೈಲು ಬಂದು ಆ ವ್ಯಾಪಾರ ಕಿತ್ತುಕೊಂಡಿತು, ಸರ್ಕಾರದ ಉಪ್ಪಿನ ನೀತಿ ಉಳಿದದ್ದನ್ನೂ ಮುಗಿಸಿತು. ಕಸುಬು ಹೋದ ಮೇಲೂ ತಿರುಗಿದರೆ ಅದಕ್ಕೆ ಕಳ್ಳತನವೇ ಕಾರಣ ಎಂದು ಸರ್ಕಾರ ತೀರ್ಮಾನಿಸಿತು. ಮುಂಬಯಿ ಪ್ರಾಂತ್ಯದಲ್ಲಿ ಇಂಥವರನ್ನು ತಂದು ಕೂಡಿಹಾಕಲು ಸೆಟ್ಲಮೆಂಟುಗಳಾದವು: ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿ. ಸೊಲ್ಲಾಪುರದಲ್ಲಿ ಹತ್ತಿ ಗಿರಣಿಗಳಿಗೆ ಅಲ್ಲಿಂದ ಆಳುಗಳು ಹೋಗುತ್ತಿದ್ದರು. ಹುಬ್ಬಳ್ಳಿಯ ಆಟೋದವರು ಇಂದಿಗೂ ‘ಸೆಟ್ಲಮೆಂಟ್’ ಎನ್ನುವುದು ಬೇರೆ ಯಾವುದಕ್ಕೂ ಅಲ್ಲ, ಇದಕ್ಕೇ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಹೆಸರು ಮಾತ್ರ ಬಸ್ ಸ್ಟಾಪಿನ ಹೆಸರಾಗಿ ಉಳಿಯಿತು.

ಅದೇ ಜಿಲ್ಲೆಗಳಲ್ಲಿ ಚಳಿಗಾಲ ಬಂತೆಂದರೆ ಕಲೆಕ್ಟರ್ ಸಾಹೇಬರೂ ಅಲೆಯುತ್ತಿದ್ದರು. ಬಂಡಿಗಳ ಮೇಲೆ ಡೇರೆ, ಮೇಜು, ಕುರ್ಚಿ, ಕಡತಗಳು ಮುಂದೆ ಹೋಗುತ್ತಿದ್ದವು. ಮಾವಿನ ತೋಪಿನಲ್ಲಿ ಕ್ಯಾಂಪು ಎದ್ದು ನಿಲ್ಲುತ್ತಿತ್ತು. ಹಾಲು, ಮೊಟ್ಟೆ, ಕೋಳಿ ಊರವರೇ ಒದಗಿಸಬೇಕು. ಆ ಅಲೆದಾಟಕ್ಕೆ ಪಾಸು ಬೇಕಿರಲಿಲ್ಲ.

ಮತ್ತೆ ಅಮೆರಿಕಕ್ಕೆ ಬರೋಣ. ಗಾಲಿ ಮನೆ ಸಾಮಾನ್ಯರ ಕೈಗೆ ಸಿಕ್ಕಿದ್ದು ಅಲ್ಲಿಯೇ. 1908ರಲ್ಲಿ 850 ಡಾಲರಿನ ಆಸುಪಾಸು ಇದ್ದ ಫೋರ್ಡ್ ಮಾಡೆಲ್ ಟಿ ಕಾರಿನ ಬೆಲೆ 1925ರ ಹೊತ್ತಿಗೆ 260 ಡಾಲರಿಗೆ ಇಳಿಯಿತು. ಬಡಗಿ, ರೈತ, ಮೇಷ್ಟರು ಎಲ್ಲ ರಸ್ತೆಗೆ ಬಂದರು. ಚಳಿಗಾಲದಲ್ಲಿ ಉತ್ತರದ ಹಿಮ ತಪ್ಪಿಸಿಕೊಂಡು ಫ್ಲಾರಿಡಾಕ್ಕೆ ಹೋಗುವ ಕ್ಯಾಂಪಿಗರು 1919ರಲ್ಲಿ ಟ್ಯಾಂಪಾದ ಡಿಸೋಟೊ ಪಾರ್ಕಿನಲ್ಲಿ ಸಂಘ ಕಟ್ಟಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂದು ಹೆಸರಿಟ್ಟುಕೊಂಡರು. ಡಬ್ಬಿಯ ಆಹಾರ ತಿಂದು ಬದುಕುವವರು ಎಂಬ ಹೀಯಾಳಿಕೆಯನ್ನೇ ಹೆಮ್ಮೆಯಿಂದ ಹೊತ್ತು, ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಡಬ್ಬಿಯೊಂದನ್ನು ಬೆಸೆದುಕೊಂಡು ಓಡಾಡಿದರು. ಊರವರ ಕುಹಕವೂ ಇತ್ತು: ಇವರು ಬರುವಾಗ ಒಂದು ಅಂಗಿ, ಒಂದು ಇಪ್ಪತ್ತು ಡಾಲರಿನ ನೋಟು ತರುತ್ತಾರೆ, ಅಂಗಿ ಬದಲಿಸುವುದಿಲ್ಲ, ನೋಟು ಮುರಿಸುವುದಿಲ್ಲ.

ಆರಂಭದಲ್ಲಿ ಅಮೆರಿಕದ ಪಟ್ಟಣಗಳು ಈ ಪ್ರವಾಸಿಗರಿಗೆ ಪುಕ್ಕಟೆ ಕ್ಯಾಂಪಿನ ಜಾಗ ಕೊಡಲು ಪೈಪೋಟಿ ನಡೆಸಿದವು. ಬಂದವರು ಪೆಟ್ರೋಲು, ಬ್ರೆಡ್ಡು, ಹಾಲು ಕೊಳ್ಳುತ್ತಾರೆ, ಅಂಗಡಿಗೆ ವ್ಯಾಪಾರ ಎಂಬ ಲೆಕ್ಕ. ನಾಲ್ಕಾರು ವರ್ಷದಲ್ಲಿ ಲೆಕ್ಕ ಬದಲಾಯಿತು. ಹಳೆಯ ಕಾರಿನಲ್ಲಿ ಕೆಲಸ ಹುಡುಕುತ್ತ ಬಂದವರೂ ಅಲ್ಲೇ ಇಳಿಯತೊಡಗಿದರು. 1920ರ ದಶಕದ ನಡುಭಾಗದಿಂದ ಊರುಗಳು ರಾತ್ರಿಗಿಷ್ಟು ಎಂದು ಶುಲ್ಕ ಹಾಕಿದವು, ಇಷ್ಟೇ ದಿನ ಎಂದು ಮಿತಿ ಹಾಕಿದವು. ಶುಲ್ಕದ ಉದ್ದೇಶ ಆದಾಯಕ್ಕಿಂತ ಹೆಚ್ಚಾಗಿ ಜರಡಿ ಹಿಡಿಯುವುದಾಗಿತ್ತು. ನಾನು ಫಾರ್ಮು ತುಂಬಿದ ಕ್ಯಾಂಪ್‌ಗ್ರೌಂಡಿನ ನಿಯಮದ ಬೇರು ಇಲ್ಲೂ ಇದೆ.

ಡೇರೆಯಿಂದ ಟ್ರೇಲರಿಗೆ ಬಂದ ಕಥೆಯಲ್ಲಿ ನಮ್ಮ ಡೆಟ್ರಾಯಿಟ್ ಸೀಮೆಯ ಪಾತ್ರ ದೊಡ್ಡದು. ಆರ್ಥರ್ ಶರ್ಮನ್ ಎಂಬ ಸೂಕ್ಷ್ಮಾಣು ವಿಜ್ಞಾನಿ ಮನೆಮಂದಿಯ ಜತೆ ರಜೆಗೆ ಹೋದ. ನಿಮಿಷಗಳಲ್ಲಿ ಬಿಚ್ಚಿ ನಿಲ್ಲಿಸಬಹುದು ಎಂಬ ಜಾಹೀರಾತಿನ ಡೇರೆಗಾಡಿಯನ್ನು ನಂಬಿ ಹೊರಟಿದ್ದ. ಜಡಿಮಳೆ ಹಿಡಿಯಿತು, ಡೇರೆ ಏಳಲಿಲ್ಲ, ಎಲ್ಲರೂ ತೊಯ್ದು ತೊಪ್ಪೆಯಾದರು. ಊರಿಗೆ ಬಂದವನೇ ಬಟ್ಟೆಯ ಗೊಡವೆಯೇ ಬೇಡವೆಂದು ಆರಡಿ ಅಗಲ ಒಂಬತ್ತಡಿ ಉದ್ದದ ಗಟ್ಟಿ ಗೋಡೆಯ ಡಬ್ಬಿಯೊಂದನ್ನು ಗಾಲಿ ಮೇಲೆ ಕೂರಿಸಿದ. ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟು 1930ರ ಜನವರಿಯಲ್ಲಿ ಡೆಟ್ರಾಯಿಟ್ ಕಾರು ಪ್ರದರ್ಶನಕ್ಕೆ ತಂದ. ಷೇರುಪೇಟೆ ಕುಸಿದು ಮೂರೇ ತಿಂಗಳಾಗಿತ್ತು. ಆದರೂ ಮಾರಾಟವಾಯಿತು, 1936ರ ಹೊತ್ತಿಗೆ ಅವನದೇ ಅಮೆರಿಕದ ಅತಿ ದೊಡ್ಡ ಟ್ರೇಲರ್ ಕಂಪನಿ. ಅದೇ 1936ರಲ್ಲಿ ವಾಲಿ ಬಯಾಮ್ ವಿಮಾನದ ಹಾಗೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂಡಿಸಿದ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಮಾರುಕಟ್ಟೆಗೆ ತಂದ. ಬೆಲೆ 1,200 ಡಾಲರ್. ಈಗಲೂ ಬೆಳ್ಳಗೆ ಮಿನುಗುವ ಏರ್‌ಸ್ಟ್ರೀಮ್ ಕಂಡರೆ ಜನ ನಿಂತು ನೋಡುತ್ತಾರೆ.

ಆದರೆ ಆರ್ಥಿಕ ಕುಸಿತದ ದಿನಗಳಲ್ಲಿ ಟ್ರೇಲರ್ ಕೊಂಡವರೆಲ್ಲ ರಜೆಗೆ ಹೊರಟವರಲ್ಲ. ಬ್ಯಾಂಕು ಮನೆ ಜಪ್ತಿ ಮಾಡಿದ ಮೇಲೆ ಅದರಲ್ಲೇ ಸಂಸಾರ ಹೂಡಿದವರು, ಹಣ್ಣು ಕೀಳುವ ಕೆಲಸ ಹುಡುಕಿ ಹೊರಟವರು ಬಹಳ. ಟ್ರೇಲರ್ ವಾಹನವೋ ಮನೆಯೋ ಎಂಬ ಪ್ರಶ್ನೆ ಕೋರ್ಟು ಮೆಟ್ಟಿಲೇರಿತು. ವಾಹನವೆಂದರೆ ಮನೆ ತೆರಿಗೆ ಹಾಕುವಂತಿಲ್ಲ. ಮನೆಯೆಂದರೆ ಕಟ್ಟಡದ ನಿಯಮಕ್ಕೆ ಒಳಪಡಬೇಕು, ಹಾಗಾದರೆ ಅಷ್ಟು ಚಿಕ್ಕ ಮನೆಗೆ ಪರವಾನಗಿಯೇ ಇಲ್ಲ. ಎರಡರಲ್ಲೂ ಬೇಡವೆನ್ನುವುದಕ್ಕೆ ದಾರಿಯಿತ್ತು.

1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಪೊಲೀಸ್ ಮುಖ್ಯಸ್ಥ ತನ್ನ ನಗರದ 136 ಪೊಲೀಸರನ್ನು ಕ್ಯಾಲಿಫೋರ್ನಿಯಾದ ಗಡಿಗೆ ಕಳಿಸಿದ. ಕೈಯಲ್ಲಿ ದುಡ್ಡಿಲ್ಲದೆ ಬರುವವರನ್ನು ಅಲ್ಲಿಂದಲೇ ಹಿಂದಕ್ಕೆ ಅಟ್ಟುವುದು ಕೆಲಸ. ಹೊರ ರಾಜ್ಯದ ಬಡವನನ್ನು, ಅವನು ಬಡವನೆಂದು ಗೊತ್ತಿದ್ದೂ ಒಳಗೆ ಕರೆತರುವುದು ಅಪರಾಧ ಎಂಬ ಕಾನೂನೂ ಅಲ್ಲಿತ್ತು. ಎಡ್ವರ್ಡ್ಸ್ ಎಂಬಾತ ಟೆಕ್ಸಸ್‌ಗೆ ಕಾರಿನಲ್ಲಿ ಹೋಗಿ, ಕೆಲಸವಿಲ್ಲದೆ ಕೂತಿದ್ದ ಭಾವಮೈದುನನನ್ನು ಕ್ಯಾಲಿಫೋರ್ನಿಯಾದ ತನ್ನ ಮನೆಗೆ ಕರೆತಂದ. ಅದಕ್ಕೇ ಆರು ತಿಂಗಳ ಶಿಕ್ಷೆ ವಿಧಿಸಿ, ಜೈಲಿಗೆ ಕಳಿಸದೆ ಅಮಾನತಿನಲ್ಲಿಟ್ಟರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1941ರ ನವೆಂಬರಿನಲ್ಲಿ ನ್ಯಾಯಾಧೀಶರೆಲ್ಲ ಒಮ್ಮತದಿಂದ ಆ ಕಾನೂನನ್ನು ಹೊಡೆದುಹಾಕಿದರು. ದೇಶದ ಪ್ರಜೆ ಬಡವ ಎಂಬ ಕಾರಣಕ್ಕೆ ಅವನಿಗೆ ಒಂದು ರಾಜ್ಯ ಗಡಿ ಮುಚ್ಚುವಂತಿಲ್ಲ. ಹೆಂಡತಿಯ ತಮ್ಮನನ್ನು ಊರಿಂದ ಕರೆಸಿ ಕೆಲಸ ಹುಡುಕಿಕೊಡುವುದು ಮುಂಬಯಿ ಪುಣೆಯ ಕನ್ನಡಿಗರಲ್ಲಿ ಎಷ್ಟು ಮನೆಯ ಕಥೆ! ನಮ್ಮ ಸಂವಿಧಾನದ 19ನೇ ವಿಧಿ ದೇಶದ ತುಂಬ ಓಡಾಡುವ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಬರೆದೇ ಕೊಟ್ಟಿದೆ. ಅಮೆರಿಕದವರು ಅದಕ್ಕಾಗಿ ಒಬ್ಬ ಭಾವಮೈದುನನ ಹೆಸರಿನಲ್ಲಿ ಕೋರ್ಟಿಗೆ ಹೋಗಬೇಕಾಯಿತು.

ಅಷ್ಟರಲ್ಲಿ ಯುದ್ಧ ಬಂತು. ಡೆಟ್ರಾಯಿಟ್ ಪಕ್ಕದ ವಿಲೋ ರನ್‌ನಲ್ಲಿ ಫೋರ್ಡ್ ಕಂಪನಿ ಬಾಂಬರ್ ವಿಮಾನದ ದೈತ್ಯ ಕಾರ್ಖಾನೆ ನಡೆಸಿತು. 1944ರಲ್ಲಿ ಅಲ್ಲಿಂದ ಸುಮಾರು ಗಂಟೆಗೊಂದು ಬಿ-24 ವಿಮಾನ ಹೊರಬೀಳುತ್ತಿತ್ತು. ಕೆಲಸ ಉಚ್ಛ್ರಾಯದಲ್ಲಿದ್ದಾಗ 42,000 ಜನ ದುಡಿಯುತ್ತಿದ್ದರು. ದಕ್ಷಿಣದ ರಾಜ್ಯಗಳಿಂದ ವಲಸೆ ಬಂದವರು ಸಾವಿರಾರು. ಅವರಿಗೆ ಮನೆ? ಶಾಶ್ವತ ಮನೆಗಳ ‘ಬಾಂಬರ್ ಸಿಟಿ’ ಕಟ್ಟಬೇಕು ಎಂದು ಕಾರ್ಮಿಕ ಸಂಘ ಒತ್ತಾಯಿಸಿತು. ಫೋರ್ಡ್ ಕಂಪನಿಯೇ ವಿರೋಧಿಸಿತು. ಯೋಜನೆ ಕುಗ್ಗಿ, ಟ್ರೇಲರುಗಳೂ ತಾತ್ಕಾಲಿಕ ವಸತಿಗಳೂ ಬಂದವು. ಎರಡು ದಶಕದ ಹಿಂದೆ ಹಳ್ಳದ ದಂಡೆಯಲ್ಲಿ ‘ವ್ಯಾಗಬಾಂಡ್’ ಎಂದು ಕರೆದುಕೊಂಡಿದ್ದ ಫೋರ್ಡ್ ಆಗ ಇನ್ನೂ ಬದುಕಿದ್ದ. ಅವನ ಕೆಲಸಗಾರರು ಮಿಷಿಗನ್ನಿನ ಚಳಿಯಲ್ಲಿ ಟ್ರೇಲರಿನಲ್ಲಿ ಮಲಗಿ, ಶಿಫ್ಟಿಗೆ ಏಳುತ್ತಿದ್ದರು. ಇಬ್ಬರದೂ ಕ್ಯಾಂಪೇ.

ಯುದ್ಧ ಮುಗಿದ ಮೇಲೆ ಉದ್ಯಮವೇ ಎರಡು ದಾರಿ ಹಿಡಿಯಿತು. ರಸ್ತೆಯ ಮೇಲೆ ಎಳೆಯಲು ಎಂಟಡಿ ಅಗಲ ಮೀರಬಾರದು ಎಂಬ ನಿಯಮವಿತ್ತು. 1950ರ ದಶಕದ ಮಧ್ಯದಲ್ಲಿ ಹತ್ತಡಿ ಅಗಲದವು ಬಂದವು; ಅವುಗಳನ್ನು ವಿಶೇಷ ಪರವಾನಗಿ ಪಡೆದು ಒಮ್ಮೆ ಎಳೆದು ತಂದು ನಿಲ್ಲಿಸಿದರೆ ಮುಗಿಯಿತು. ಅದು ‘ಮೊಬೈಲ್ ಹೋಮ್’ ಆಯಿತು, ಬಡವರ ಮನೆಯಾಯಿತು. ಊರಾಚೆಯ ಟ್ರೇಲರ್ ಪಾರ್ಕು ಬೈಗುಳವಾಯಿತು. ಎಂಟಡಿಯದು ‘ಟ್ರಾವೆಲ್ ಟ್ರೇಲರ್’ ಆಗಿ ರಜೆಯ ಸಾಮಾನಾಯಿತು. ಎರಡಡಿ ಅಗಲದ ವ್ಯತ್ಯಾಸದಲ್ಲಿ ಅಣ್ಣತಮ್ಮಂದಿರು ಪಾಲಾಗಿ ಒಬ್ಬ ಮೇಲಕ್ಕೂ ಒಬ್ಬ ಕೆಳಕ್ಕೂ ಹೋದ ಹಾಗೆ.

ರಜೆಯ ಕ್ಯಾಂಪಾದರೂ ಎಲ್ಲರದಾಗಿತ್ತೇ? ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ 1939ರಲ್ಲಿ ತೆರೆದ ಲೂಯಿಸ್ ಮೌಂಟನ್ ಕ್ಯಾಂಪು ಕರಿಯರಿಗೆಂದೇ ಬೇರೆ ಮಾಡಿದ್ದು. ದೇಶದ ರಸ್ತೆಗಳಲ್ಲಿ ಎಲ್ಲಿ ತಂಗಬಹುದು, ಎಲ್ಲಿ ಊಟ ಸಿಗುತ್ತದೆ ಎಂದು ತಿಳಿಯಲು ಕರಿಯ ಪ್ರಯಾಣಿಕರು 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿ ಇಟ್ಟುಕೊಂಡು ಹೊರಡಬೇಕಾಗಿತ್ತು. ಅವರ ಬಳಿ ಮನೆಯ ವಿಳಾಸವಿತ್ತು, ಕಾರಿತ್ತು, ದುಡ್ಡೂ ಇತ್ತು. ಆದರೂ ಅದು ಸಾಲದಾಯಿತು. 1959ರಲ್ಲಿ ಇದೇ ವಾಲಿ ಬಯಾಮ್ 41 ಏರ್‌ಸ್ಟ್ರೀಮ್‌ಗಳ ಸಾಲು ಕಟ್ಟಿಕೊಂಡು ಕೇಪ್‌ಟೌನಿನಿಂದ ಕೈರೋವರೆಗೆ ಆಫ್ರಿಕಾ ಖಂಡವನ್ನೇ ದಾಟಿಸಿದ. ಹೊರಟ ದೇಶದಲ್ಲಿ ಆಗ ಅಲ್ಲಿನ ಕರಿಯ ಜನ ಸ್ವಂತ ನೆಲದಲ್ಲಿ ಓಡಾಡಲು ಕಿಸೆಯಲ್ಲಿ ಪಾಸು ಇಟ್ಟುಕೊಳ್ಳಬೇಕಿತ್ತು. ಆ ಪಾಸಿನ ವಿರುದ್ಧ ಸೇರಿದ 69 ಜನರನ್ನು ಮರುವರ್ಷದ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು.

ಗಾಲಿ ಮನೆ ಮತ್ತೆ ಮತ್ತೆ ಕಷ್ಟಕಾಲದ ಮನೆಯಾಗುತ್ತಲೇ ಬಂದಿದೆ. 2005ರ ಕತ್ರಿನಾ ಚಂಡಮಾರುತದ ನಂತರ ಅಮೆರಿಕ ಸರ್ಕಾರ ಮನೆ ಕಳೆದುಕೊಂಡವರಿಗೆ ಟ್ರಾವೆಲ್ ಟ್ರೇಲರುಗಳನ್ನು ಸಾವಿರಗಟ್ಟಲೆ ಕೊಂಡು ಹಂಚಿತು. ಎರಡು ರಾತ್ರಿ ಕಳೆಯಲು ಮಾಡಿದ ಡಬ್ಬಿಯಲ್ಲಿ ಜನ ಎರಡು ಮೂರು ವರ್ಷ ಬದುಕಿದರು. ಒಳಗಿನ ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಸೆಖೆ ಹೆಚ್ಚಿದಷ್ಟೂ ಜಾಸ್ತಿ. ಕಣ್ಣುರಿ, ಉಬ್ಬಸ ಎಂದು ಜನ ದೂರಿದರು. ಸರ್ಕಾರಿ ಆರೋಗ್ಯ ಸಂಸ್ಥೆ 519 ಟ್ರೇಲರುಗಳ ಗಾಳಿ ಪರೀಕ್ಷಿಸಿ, ಬೇಸಿಗೆಗೆ ಮುಂಚೆ ಜನರನ್ನು ಹೊರಗೆ ಕರೆಸಿ ಎಂದು ಹೇಳಿದ್ದು 2008ರಲ್ಲಿ. ಅದೇ ಹೊತ್ತಿನ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡ ವಯಸ್ಸಾದವರು ವ್ಯಾನು, ಟ್ರೇಲರುಗಳಲ್ಲಿ ಗೋದಾಮು ಕೆಲಸ ಹುಡುಕಿ ಅಲೆಯುವ ಕಥೆಯನ್ನು ‘ನೋಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಹೇಳಿತು. ಅದರ ಸಿನಿಮಾಕ್ಕೆ ಆಸ್ಕರ್ ಬಂತು.

2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟು ಗ್ರಾಂಟ್ಸ್ ಪಾಸ್ ಎಂಬ ಆರೆಗನ್ ರಾಜ್ಯದ ಸಣ್ಣ ಊರಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಊರಿನ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹಾಸಿಗೆ ಹೊದಿಕೆ ಹಾಕಿಕೊಂಡು ತಂಗಿದರೆ ಅದು ‘ಕ್ಯಾಂಪಿಂಗ್’. ದಂಡ 295 ಡಾಲರ್, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಜೈಲು. ಇದು ಕ್ರೂರ ಶಿಕ್ಷೆ ಅಲ್ಲ ಎಂದು ಆರು ನ್ಯಾಯಾಧೀಶರು ಹೇಳಿದರು, ಮೂವರು ಒಪ್ಪಲಿಲ್ಲ. ನಿಯಮ ಎಲ್ಲರಿಗೂ ಒಂದೇ, ಮನೆಯಿಲ್ಲದವನಿಗೂ ಬೆನ್ನಚೀಲ ಹೊತ್ತು ರಜೆಗೆ ಬಂದ ಪ್ರವಾಸಿಗೂ ಒಂದೇ ಎಂಬುದು ಬಹುಮತದ ವಾದ. ನಿದ್ದೆ ಎಂಬುದು ದೇಹದ ಅಗತ್ಯ, ಅದು ಹೇಗೆ ಅಪರಾಧವಾದೀತು ಎಂಬುದು ಭಿನ್ನಮತ ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅವರ ವಾದ. ಪ್ರವಾಸಿಗೆ ಮಲಗಲು ಬೇರೊಂದು ಹಾಸಿಗೆ ಎಲ್ಲೋ ಇದೆ ಎಂಬುದೇ ಅಲ್ಲಿ ವ್ಯತ್ಯಾಸ.

ನಮ್ಮ ಕನ್ನಡ ಇದನ್ನು ಯಾವ ಕೋರ್ಟಿಗೂ ಹೋಗದೆ ತೀರ್ಮಾನಿಸಿಬಿಟ್ಟಿದೆ. ರಾಜ, ದಂಡನಾಯಕ ದಾರಿಯಲ್ಲಿ ತಂಗಿದರೆ ‘ಬೀಡು ಬಿಟ್ಟರು’. ಸಾಹೇಬರು ತಂಗಿದರೆ ‘ಮೊಕ್ಕಾಂ ಹೂಡಿದರು’. ಈಗಲೂ ಕಚೇರಿಯಲ್ಲಿ ‘ಸಾಹೇಬರು ಕ್ಯಾಂಪ್ ಮೇಲೆ ಇದ್ದಾರೆ’ ಎಂದರೆ ಎದ್ದು ನಿಂತು ಕೇಳುವ ಮಾತು. ಬೇಡದವನು ಬಂದು ತಂಗಿದರೆ ಮಾತ್ರ ‘ಠಿಕಾಣಿ ಹೂಡಿದ’. ಮರಾಠಿಯಲ್ಲಿ ಠಿಕಾಣ ಎಂದರೆ ಬರೀ ಜಾಗ, ಹಿಂದಿಯಲ್ಲಿ ಠಿಕಾನಾ ಎಂದರೆ ವಿಳಾಸ, ನೆಲೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದಕ್ಕೊಂದು ಮೂಗುಮುರಿತ ಸೇರಿಕೊಂಡಿತು.

ಊರು ಬಿಟ್ಟುಬಂದ ನಾವೆಲ್ಲ ಈ ಮೂರರಲ್ಲಿ ಯಾವುದರಲ್ಲಿದ್ದೇವೆ ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಪುಣೆಯಲ್ಲಿ ಬಾಡಿಗೆ ಕರಾರಿನ ಜತೆ ಪೊಲೀಸ್ ವೆರಿಫಿಕೇಶನ್ನಿನ ಫಾರ್ಮು ತುಂಬುವಾಗ ಅಲ್ಲೂ ಅದೇ ಕಾಲಂ: ಕಾಯಂ ವಿಳಾಸ. ಹುಬ್ಬಳ್ಳಿಯದನ್ನು ಬರೆಯುತ್ತೇನೆ, ಆಧಾರ್ ಪ್ರತಿ ಲಗತ್ತಿಸುತ್ತೇನೆ, ಕೆಲಸ ಮುಗಿಯುತ್ತದೆ. ಮನೆಯ ಮಾಲೀಕರು ಚಹಾ ಕೊಡುತ್ತಾರೆ. ನಮ್ಮದು ಮೊಕ್ಕಾಂ.

ಹಿಂಜವಡಿಯಲ್ಲಿ ನಮ್ಮ ಆಫೀಸಿನ ಹಿಂದೆ ಹೊಸ ಟವರುಗಳು ಏಳುತ್ತಿವೆ. ಅವುಗಳ ಮಗ್ಗುಲಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು, ಹೊರಗೆ ನೀಲಿ ಡ್ರಮ್ಮುಗಳು, ಹಗ್ಗದ ಮೇಲೆ ಬಟ್ಟೆ. ಹೋದ ತಿಂಗಳು ಮಧ್ಯಾಹ್ನ ಚಹಾದ ಗಾಡಿಯ ಹತ್ತಿರ ಹಳದಿ ಹೆಲ್ಮೆಟ್ಟಿನ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರಲಾಗುತ್ತದೆಯೇ?

“ಯಾವೂರ್ರಿ ನಿಮ್ದು?”

“ಸಿಂದಗಿ ಕಡೀರಿ.”

“ಇಲ್ಲೆ ಎಲ್ಲಿರ್ತೀರಿ?”

ಹಿರಿಯವನು ಶೆಡ್ಡುಗಳ ಕಡೆ ಗದ್ದ ಎತ್ತಿ ತೋರಿಸಿದ. “ಇಲ್ಲೇರಿ, ಕ್ಯಾಂಪಿನ್ಯಾಗ.”

ಮೂರು ವರ್ಷದಿಂದ ಇದೇ ಕಂತ್ರಾಟುದಾರನ ಜತೆ ತಿರುಗುತ್ತಿದ್ದಾರಂತೆ. ಇದು ನಾಲ್ಕನೆಯ ಕ್ಯಾಂಪು. ಮಗಳನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದಾನೆ, ಸಾಲಿ ತಪ್ಪಬಾರದು ಎಂದು. ಟವರು ಮುಗಿದರೆ ತಗಡು ಬಿಚ್ಚಿ ಲಾರಿಗೆ ಹೇರುತ್ತಾರೆ. ಮುಂದೆ ಯಾವ ಕಡೆ ಎಂದು ಕೇಳಿದೆ.

“ಇನ್ನೂ ಹೇಳಿಲ್ರಿ,” ಎಂದ. ಚಹಾದ ಗ್ಲಾಸು ಇಟ್ಟು, ಹೆಲ್ಮೆಟ್ಟು ಸರಿಮಾಡಿಕೊಂಡು ಹೊರಟ.